ಇಂದಿರಾನಗರದಲ್ಲಿ ಅರ್ಧ ದಿನದ ಹೋಟೆಲು: ನನ್ನ ಅನುಭವ

"ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ಹಾಕುವುದೂ ಒಂದು ಹೋಟೆಲೇನಯ್ಯಾ" ಎಂದು ನಕ್ಕವರಲ್ಲಿ ನನ್ನ ಸೋದರಮಾವನವರೇ ಮೊದಲಿಗರು. ಬಸವನಗುಡಿಯಲ್ಲಿ ಅವರದು ಸ್ವಂತ ಕಟ್ಟಡ, ಬಾಡಿಗೆಯ ಬಿಸಿ ತಾಗಿದವರಲ್ಲ. ನಾನು ಬೆಳಗಿನ ಹೊತ್ತಿಗಷ್ಟೇ ಬೇರೆಯವರ ಅಂಗಡಿ ಹಿಡಿದು ಹೋಟೆಲು ತೆರೆದು ಈಗ ನಾಲ್ಕು ವರ್ಷವಾಯಿತು. ಮಾವ ಕಳೆದ ತಿಂಗಳು ಬಂದು ಎರಡು ಪ್ಲೇಟು ಇಡ್ಲಿ ತಿಂದು, ಗಲ್ಲಾದ ಕಡೆ ಒಮ್ಮೆ ನೋಡಿ, ಮಾತಿಲ್ಲದೆ ಕಾಫಿ ಕುಡಿದು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹಳೆಯ ಹೋಟೆಲು ಬೆಂಗಳೂರಿನ ಇಂದಿರಾನಗರದ ಸಿಎಂಎಚ್ ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿತ್ತು. ನಿಂತು ತಿನ್ನುವ ಆರು ಮೇಜು. ಎಚ್‌ಎಎಲ್‌ನಿಂದ ನಿವೃತ್ತರಾದವರು, ಬೆಳಗಿನ ವಾಕಿಂಗಿನವರು ಗಿರಾಕಿಗಳು. ಮೆಟ್ರೊ ಕಂಬ ಏಳುವವರೆಗೂ ದೂಳು ಕುಡಿದೆವು. 2011ರ ಅಕ್ಟೋಬರಿನಲ್ಲಿ ರೈಲು ಓಡಿದ ದಿನ ಇನ್ನು ನಮ್ಮ ಕಾಲ ಬಂತೆಂದು ಸಿಹಿ ಹಂಚಿದ್ದೆ. ಮುಂದಿನ ಕರಾರಿನಲ್ಲೇ ಹದಿನೆಂಟು ಸಾವಿರದ ಬಾಡಿಗೆ ಅರವತ್ತಾಯಿತು. 2018ರಲ್ಲಿ ಮಾಲೀಕರು ಕೇಳಿದ್ದು ಎರಡು ಲಕ್ಷ ಹತ್ತು ಸಾವಿರ, ಜತೆಗೆ ಹತ್ತು ತಿಂಗಳ ಅಡ್ವಾನ್ಸ್. ಬಾಡಿಗೆಯ ಮೇಲೆ 18% ಜಿಎಸ್‌ಟಿ ಬೇರೆ. ಗಿರಾಕಿಯಿಂದ 5% ಜಿಎಸ್‌ಟಿ ಪಡೆದು ಕಟ್ಟುವ ನಮ್ಮಂಥ ಹೋಟೆಲಿನವರು, ಬಾಡಿಗೆಗೆ ತೆತ್ತ ಆ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳಲು ಬರುವುದಿಲ್ಲ. ಕಾಫಿಗೆ ನಾಲ್ಕು ರೂಪಾಯಿ ಉಳಿದರೂ ಬಾಡಿಗೆಗೆಂದೇ ದಿನಕ್ಕೆ ಎರಡು ಸಾವಿರ ಲೋಟ ಮಾರಬೇಕು. ಕುಡಿಯುವವರಾದರೂ ಎಲ್ಲಿದ್ದರು? ಹಳೆಯ ಮನೆಗಳು ಒಂದೊಂದಾಗಿ ಪಬ್ಬು, ಬಟ್ಟೆ ಅಂಗಡಿಗಳಾಗಿ, ಮನೆಯವರು ಮಕ್ಕಳಿದ್ದಲ್ಲಿಗೆ ಹೊರಟುಹೋಗಿದ್ದರು.

ಬಿಡುವ ಮೊದಲು ಮಾಡಬಾರದ್ದನ್ನೆಲ್ಲ ಮಾಡಿದೆ. ಎ.ಸಿ. ಹಾಕಿಸಿ ಗೋಬಿ ಮಂಚೂರಿ, ಪನೀರ್ ಶುರುಮಾಡಿ ಸುಮಾರು ಆರು ಲಕ್ಷ ಕೈಬಿಟ್ಟಿತು. ಮೊಬೈಲ್ ಆ್ಯಪ್‌ಗೆ ಸೇರಿಕೊಂಡೆ. ಬಿಲ್ಲಿನ ಕಾಲು ಭಾಗ ಕಮಿಷನ್ನಿಗೆ, ದೋಸೆ ಮನೆ ಮುಟ್ಟುವಷ್ಟರಲ್ಲಿ ಒದ್ದೆ ಬಟ್ಟೆ. ಕೊನೆಗೆ ಊರಾಚೆಯ ಹೊಸ ಬಡಾವಣೆಗೆ ಹೋಗಿ ಹದಿನಾಲ್ಕು ತಿಂಗಳು ನೊಣ ಹೊಡೆದೆ. ಅಡುಗೆಯವರಿಗೆ ಕೊಟ್ಟ ಮುಂಗಡವೂ ಸೇರಿ ಒಂಬತ್ತು ಲಕ್ಷ ಹೋಗಿರಬೇಕು. ಹೆಂಡತಿಯ ಬಳೆ ಬ್ಯಾಂಕು ಸೇರಿದ್ದು ಆಗಲೇ.

2021ರಲ್ಲಿ ಒಂದು ದಿನ ಹಳೆಯ ಬಾಕಿ ವಸೂಲಿಗೆಂದು ಬೆಳಿಗ್ಗೆ ಏಳಕ್ಕೆ ಇಂದಿರಾನಗರದ ಹನ್ನೆರಡನೇ ಮೇನ್‌ಗೆ ಹೋಗಿದ್ದೆ. ಸಾಲಾಗಿ ಶಟರ್ ಮುಚ್ಚಿತ್ತು. ಮೆಟ್ಟಿಲ ಮೇಲೆ ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಕಸ ಗುಡಿಸುವ ಹೆಂಗಸರು, ಕಾರಿನ ಡ್ರೈವರುಗಳು ಕೂತಿದ್ದರು. ಒಬ್ಬರು ನನ್ನನ್ನೇ "ತಿಂಡಿ ಎಲ್ಲಿ ಸಿಗುತ್ತದೆ ಅಣ್ಣಾ" ಎಂದು ಕೇಳಿದರು. ಅಲ್ಲಿಯ ಅಂಗಡಿಯವರು ಲಕ್ಷಗಟ್ಟಲೆ ಬಾಡಿಗೆ ಕಟ್ಟುವುದು ರಾತ್ರಿಯ ವ್ಯಾಪಾರಕ್ಕೆ; ಬೆಳಗು ಬೀಳುಬಿದ್ದ ಹೊಲದಂತಿತ್ತು.

ಹತ್ತಿರದಲ್ಲೇ ನೂಡಲ್ಸ್ ಅಂಗಡಿಯ ಇಬ್ಬರು ಹುಡುಗರು ಬಾಡಿಗೆ ಕಟ್ಟಲಾಗದೆ ಒದ್ದಾಡುತ್ತಿದ್ದರು. ಬೆಳಿಗ್ಗೆ ಐದರಿಂದ ಹನ್ನೊಂದು ನನ್ನದು, ತಿಂಗಳಿಗೆ ನಲವತ್ತೈದು ಸಾವಿರ, ಒಂದೇ ತಿಂಗಳ ಅಡ್ವಾನ್ಸ್ ಎಂದು ಒಪ್ಪಂದವಾಯಿತು. ಕಟ್ಟಡದ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯದೆ ಒಲೆ ಹಚ್ಚಬೇಡಿ. ಕರಾರಿನಲ್ಲಿ ಇನ್ನೊಂದು ಷರತ್ತು ಹಾಕಿಸಿದ್ದೇನೆ, ಅದು ನನ್ನ ಬಳಿಯೇ ಇರಲಿ.

ಕಗ್ಗದಾಸಪುರದಲ್ಲಿ ಹದಿನಾಲ್ಕು ಸಾವಿರಕ್ಕೆ ಅಡುಗೆಮನೆ ಹಿಡಿದು ಅಲ್ಲೇ ಹಿಟ್ಟು ರುಬ್ಬಿಸಿದೆ. ಮೊದಲ ವಾರ ರಸ್ತೆಯುಬ್ಬೊಂದರಲ್ಲಿ ಗೂಡ್ಸ್ ಆಟೊ ಹಾರಿದ್ದೇ ತಡ, ಇಪ್ಪತ್ತು ಲೀಟರಿನ ಕ್ಯಾನಿನ ಮುಚ್ಚಳ ಚಿಮ್ಮಿ, ಹುಳಿ ಬಂದ ಹಿಟ್ಟು ಹಿಂದಿನ ಹಲಗೆಯಿಂದ ರಸ್ತೆಗೆ ಗಂಜಿಯಂತೆ ಹರಿಯಿತು. ಆಟೊದವನಿಗೆ ತೊಳೆಯುವ ಕೂಲಿ ಮುನ್ನೂರು. ಕ್ಯಾನು ಅರ್ಧ ತುಂಬಿಸಿದರೆ ಎರಡು ಟ್ರಿಪ್ಪಾಗುತ್ತಿತ್ತು. ಈಗ ಒಂದು ಹನಿ ಚೆಲ್ಲುವುದಿಲ್ಲ. ಗುಟ್ಟು ಉದ್ದಿನ ಪಾಲಿನಲ್ಲಿದೆ, ಅಷ್ಟು ಸಾಕು.

ವಾಸನೆಯ ಜಗಳವೇ ದೊಡ್ಡದಾಗಿತ್ತು. ನಮ್ಮ ಒಗ್ಗರಣೆಯ ಘಾಟು ಅವರ ಮಧ್ಯಾಹ್ನಕ್ಕೆ, ಅವರ ಬೆಳ್ಳುಳ್ಳಿ, ಸೋಯಾ ಸಾಸಿನ ವಾಸನೆ ನಮ್ಮ ಕಾಫಿಗೆ. ಹಾಲು ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದಲ್ಲ! ಮೊದಲ ದಿನಗಳ ಕಾಫಿಯನ್ನು ನಾನೇ ಉಗಿದಿದ್ದೇನೆ. ಕಾಫಿ ಒಲೆಯನ್ನು ಬಾಗಿಲಿಗೇ ತಂದೆ, ಹಾಲನ್ನು ಐದೂವರೆಗೆ ಮುಂಚೆ ಒಳಗಿಡುವುದಿಲ್ಲ. ಸಾಂಬಾರು ಕಗ್ಗದಾಸಪುರದಲ್ಲೇ ಒಗ್ಗರಣೆಯಾಗಿ ಬರುತ್ತದೆ.

ನಡುವೆ ಜಿಮ್ಮಿನವರಿಗೆಂದು ತೊಂಬತ್ತು ರೂಪಾಯಿಯ ನವಣೆ ದೋಸೆ ಹಾಕಿ ನೋಡಿದೆ. ಮೊದಲ ವಾರ ನಲವತ್ತು ಹೋದವು, ಅರ್ಧ ಕಾವಲಿಗೇ ಅಂಟಿಕೊಂಡವು. ಬೋರ್ಡು ನೋಡಿದ ಸೆಕ್ಯುರಿಟಿಯವರು ಇಡ್ಲಿಯ ಬೆಲೆಯೂ ಏರುತ್ತದೆಯೇ ಎಂದು ವಿಚಾರಿಸತೊಡಗಿದರು. ಬೋರ್ಡು ಇಳಿಸಿದೆ. ಈಗ ಇಡ್ಲಿ, ವಡೆ, ಖಾರಾಬಾತ್, ಕಾಫಿ, ಅಷ್ಟೇ. ಎರಡು ಇಡ್ಲಿಗೆ ಮೂವತ್ತು, ಕಾಫಿಗೆ ಹದಿನೈದು.

ದಿನಕ್ಕೆ ಹದಿನೇಳು, ಹದಿನೆಂಟು ಸಾವಿರ ವ್ಯಾಪಾರ. ಐವರ ಸಂಬಳ, ಗ್ಯಾಸು, ಆಟೊ, ತೆರಿಗೆ ಎಲ್ಲ ಕಳೆದು ತಿಂಗಳಿಗೆ ಎಂಬತ್ತರಿಂದ ತೊಂಬತ್ತು ಸಾವಿರ ಕೈಗೆ ಸಿಗುತ್ತದೆ. ಬಳೆ ಹೋದ ವರ್ಷ ಬಿಡಿಸಿದೆ.

ದೊಮ್ಮಲೂರಿನಲ್ಲಿ ಕೇಕಿನ ಅಂಗಡಿಯವರೊಂದಿಗೆ ಮಾತು ನಡೆದಿದೆ. ಅವರು ತೆರೆಯುವುದು ಹನ್ನೆರಡಕ್ಕೆ. ಬಾಡಿಗೆಗೆ ಒಪ್ಪಿದ್ದಾರೆ, ಇಂಗಿನ ಹೆಸರೆತ್ತಿದರೆ ಮಾತ್ರ ಮುಖ ಹಿಂಡುತ್ತಿದ್ದಾರೆ.