ಪೋರ್ಷೆ 944: ಹಳೇ ಸೆನ್ಸರ್ ಇಟ್ಟುಕೊಂಡೇ ಗ್ಯಾಪ್ ಹೊಂದಿಸಿದ್ದು

ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಪೋರ್ಷೆ 944 ಸ್ಪೋರ್ಟ್ಸ್ ಕಾರಿನಲ್ಲಿ ಹೀಗಾದರೆ ನಾನು ಮೊದಲು ನೋಡುವುದು ಆರ್‌ಪಿಎಂ ಮುಳ್ಳನ್ನು. ಸೆಲ್ಫ್ ಹೊಡೆಯುವಾಗ ಅದು ಒಂಚೂರಾದರೂ ಅಲುಗಬೇಕು. ಅಲುಗದಿದ್ದರೆ ಅನುಮಾನ ಫ್ಲೈವೀಲ್ (ಇಂಜಿನ್ ಹಿಂದೆ ತಿರುಗುವ ಭಾರದ ಚಕ್ರ) ಸೆನ್ಸರುಗಳ ಮೇಲೆ.

ಪುಣೆ ಹತ್ತಿರದ ಭೋಸರಿಯ ನಮ್ಮ ಗ್ಯಾರೇಜಿಗೆ ಬಂದ 1987ರ ಗಾಡಿಯದೂ ಇದೇ ಕತೆ. ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತಿತ್ತು, ಬಿಸಿಯಾಗಿ ನಿಂತರೆ ಇಲ್ಲ.

ಇದರಲ್ಲಿ ಸೆನ್ಸರ್ ಎರಡು. ಸ್ಪೀಡ್ ಸೆನ್ಸರ್ ರಿಂಗ್ ಗೇರಿನ, ಅಂದರೆ ಫ್ಲೈವೀಲ್ ಅಂಚಿನ ಹಲ್ಲಿನ ಬಳೆಯ, 132 ಹಲ್ಲುಗಳನ್ನು ಎಣಿಸುತ್ತದೆ. ರೆಫರೆನ್ಸ್ ಸೆನ್ಸರ್ ಫ್ಲೈವೀಲಿನಲ್ಲಿರುವ ಒಂದು ಸ್ಕ್ರೂವನ್ನು ಸುತ್ತಿಗೊಮ್ಮೆ ಹಿಡಿಯುತ್ತದೆ. ಸ್ಪಾರ್ಕ್ ಯಾವಾಗ, ಪೆಟ್ರೋಲ್ ಯಾವಾಗ ಅನ್ನೋದನ್ನು ಬಾಷ್ ಮೋಟ್ರಾನಿಕ್ ಅನ್ನೋ ಇಂಜಿನ್ ಕಂಪ್ಯೂಟರ್ ಇವೆರಡರಿಂದ ಲೆಕ್ಕ ಹಾಕುತ್ತದೆ. ಎರಡರ ಕನೆಕ್ಟರೂ ಒಂದೇ ಥರ, ಅದಲುಬದಲಾದರೆ ಗಾಡಿ ಸ್ಟಾರ್ಟೇ ಆಗಲ್ಲ. ಬಿಚ್ಚುವ ಮುಂಚೆಯೇ ಬಣ್ಣದ ಟೇಪ್ ಸುತ್ತಿಬಿಡಿ.

ಮಲ್ಟಿಮೀಟರ್ ಹಿಡಿದರೆ ಸೆನ್ಸರ್ ಕನೆಕ್ಟರಿನ ಮೊದಲ ಎರಡು ಪಿನ್ ನಡುವೆ 600ರಿಂದ 1600 ಓಮ್ ಬರಬೇಕು. ನಮ್ಮದರಲ್ಲಿ ತಣ್ಣಗಿದ್ದಾಗ ಬಂತು, ಬಿಸಿಯಾದ ಮೇಲೆ ಓಪನ್, ಅಂದರೆ ಒಳಗೆ ತಂತಿಯ ಸಂಪರ್ಕವೇ ಇಲ್ಲ.

"ಅಣ್ಣಾ, ಹೊಸಾದು ಒತ್ತಿ ಕೂಡಿಸಿಬಿಡೋಣೇನ್ರೀ?" ಅಂದ ಗ್ಯಾರೇಜಿನ ಬಿಜಾಪುರದ ಹುಡುಗ. ಹಾಗೆ ಮಾಡುವಂತಿಲ್ಲ. ಸೆನ್ಸರಿನ ಮೂತಿಗೂ ಸ್ಕ್ರೂಗೂ ನಡುವೆ ಗ್ಯಾಪ್ 0.8 ಮಿಮೀ ಇರಬೇಕು, ಅದಕ್ಕಿಂತ 0.3 ಹೆಚ್ಚೋ ಕಮ್ಮಿಯೋ ಆದರೆ ನಡೆಯುತ್ತದೆ. ದೂರವಾದರೆ ಸಿಗ್ನಲ್ ಸೊರಗುತ್ತದೆ. ಅದೂ ಸೆಲ್ಫ್ ಹೊಡೆಯುವಾಗಿನ ನಿಧಾನ ವೇಗದಲ್ಲಿ ಜಾಸ್ತಿ, ಯಾಕೆಂದರೆ ಇಂಥ ಸೆನ್ಸರಿನ ವೋಲ್ಟೇಜ್ ವೇಗದ ಜೊತೆಗೇ ಏರುವುದು. ತೀರಾ ಹತ್ತಿರವಾದರೆ ಸ್ಕ್ರೂ ಬಂದು ಸೆನ್ಸರಿನ ಮೂತಿಗೇ ಬಡಿಯುತ್ತದೆ.

ಸೆನ್ಸರ್ ಕೂರುವ ಬ್ರಾಕೆಟ್ ಇರೋದು ಇಂಜಿನ್ ಹಿಂದೆ, ಫ್ಲೈವೀಲ್ ಮುಚ್ಚುವ ಬೆಲ್ ಹೌಸಿಂಗ್ ಮೇಲೆ. ಕೈಯೇ ಸರಿಯಾಗಿ ಹೋಗಲ್ಲ, ಇನ್ನು ಗ್ಯಾಪ್ ಅಳೆಯುವ ಫೀಲರ್ ಗೇಜ್ ಎಲ್ಲಿ ತೂರಿಸೋದು? ಅದಕ್ಕೇ ಹಳೇ ಸೆನ್ಸರ್ ಎಸೆಯಬಾರದು, ನಮಗೆ ಅದೇ ಗೇಜ್. ಅದರ ಉದ್ದ ಹೊಸದಕ್ಕೆ ಸಮ ಇದೆಯಾ ಅಂತ ವರ್ನಿಯರ್‌ನಲ್ಲಿ ನೋಡಿಕೊಂಡೆ. ಸಾಮಾನ್ಯ ಎಂ-4 ವಾಷರಿನ ದಪ್ಪ ಸುಮಾರು 0.8 ಮಿಮೀ. ಪುಣೆಯ ನಾನಾ ಪೇಠ್ ಬಜಾರಿನಿಂದ ತಂದ ಪೊಟ್ಟಣದಲ್ಲಿ ಅಳೆದು ಒಂದನ್ನು ಆರಿಸಿದೆ. ಸೆನ್ಸರಿನ ಮೂತಿಯಲ್ಲಿ ಮ್ಯಾಗ್ನೆಟ್ ಇರುವುದರಿಂದ ವಾಷರ್ ತಾನೇ ಅಂಟಿಕೊಳ್ಳುತ್ತದೆ. ಅದನ್ನು ನಂಬಬೇಡಿ. ಬೆಲ್ ಹೌಸಿಂಗ್ ಒಳಗೆ ಬಿತ್ತೋ, ಮುಗೀತು ಕತೆ. ಒಂದು ಹನಿ ಫೆವಿಕ್ವಿಕ್ ಹಾಕಿ, ಉಗುರಿನಲ್ಲಿ ಎಬ್ಬಿಸಿ ನೋಡಿ, ಬರಲಿಲ್ಲ ಅಂದ ಮೇಲೆ ಮುಂದಿನ ಕೆಲಸ.

ಗೇರ್ ನ್ಯೂಟ್ರಲ್‌ಗೆ ಹಾಕಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆವು. ಹುಡುಗ ಮುಂದಿನಿಂದ ಕ್ರ್ಯಾಂಕ್ ಬೋಲ್ಟನ್ನು 24ರ ಸಾಕೆಟ್‌ನಿಂದ ಮೆಲ್ಲಗೆ ತಿರುಗಿಸಿದ. ನಾನು ಹಿಂದೆ ಟಾರ್ಚ್ ಹಿಡಿದು ರೆಫರೆನ್ಸ್ ಸೆನ್ಸರಿನ ತೂತಿನಲ್ಲಿ ಇಣುಕುತ್ತಿದ್ದೆ. ಸ್ಕ್ರೂ ತಲೆ ತೂತಿನ ನಟ್ಟನಡುವೆ ಬಂದಾಗ ನಿಲ್ಲಿಸಿದೆವು. ಆ ತೂತಿಗೆ ವಾಷರ್ ಅಂಟಿಸಿದ ಹಳೇ ಸೆನ್ಸರ್ ಬಿಗಿದು, ಬ್ರಾಕೆಟ್ ಬೋಲ್ಟ್ ಸಡಿಲಿಸಿ, ವಾಷರ್ ಸ್ಕ್ರೂಗೆ ತಾಗುವವರೆಗೆ ಬ್ರಾಕೆಟ್ ಕೆಳಗೆ ಒತ್ತಿದೆ. ಹಾಗೇ ಹಿಡಿದು ಟೈಟ್. ಎರಡೂ ಸೆನ್ಸರ್ ಕೂರೋದು ಇದೇ ಬ್ರಾಕೆಟ್‌ನಲ್ಲಿ, ಹಾಗಾಗಿ ಸ್ಪೀಡ್ ಸೆನ್ಸರಿನ ಗ್ಯಾಪೂ ಜೊತೆಗೇ ಬಂತು.

ಹಳೇದನ್ನು ಹೊರತೆಗೆದು, ವಾಷರ್ ಮೂತಿಯಲ್ಲೇ ಇದೆ ಅಂತ ನೋಡಿಕೊಂಡು, ಹೊಸ ಎರಡನ್ನೂ ಹಾಕಿದೆ. ಕೈಯಲ್ಲೇ ಇಂಜಿನ್ ಪೂರ್ತಿ ಸುತ್ತಿಸಿದೆವು, ಎಲ್ಲೂ ತಾಗಲಿಲ್ಲ. ಪ್ಲಗ್ ಹಾಕಿ ಸೆಲ್ಫ್ ಹೊಡೆದರೆ ಮುಳ್ಳು ಎದ್ದಿತು, ಇಂಜಿನ್ನೂ ಹಿಡಿಯಿತು. ಗಾಡಿ ಕಡೆಯ ಕನೆಕ್ಟರುಗಳ ಪ್ಲಾಸ್ಟಿಕ್ ಮಾತ್ರ ಶಾಖಕ್ಕೆ ಪುಡಿಪುಡಿಯಾಗಿತ್ತು. ಅವನ್ನೂ ಬದಲಿಸಿಯೇ ಗಾಡಿ ಕೊಟ್ಟೆವು.