ಭಂಗಾರಕ್ಕೆ ಹಾಕುವ ಮೊದಲು: ಮುಂಬೈಯಲ್ಲಿ ಹಳೆ ಕಾರು ಕೊಟ್ಟು ರಿಯಾಯಿತಿ ಪಡೆಯುವುದು ಹೇಗೆ

ಮುಂಬೈಯಲ್ಲಿ ‘ಭಂಗಾರ’ ಅಂದರೆ ಗುಜರಿ. ಮದುವೆಯಾಗಿ ಉಡುಪಿ ಕಡೆಯಿಂದ ಇಲ್ಲಿಗೆ ಬಂದ ಹೊಸದರಲ್ಲಿ ನನಗಿದು ಗೊತ್ತಿರಲಿಲ್ಲ. ಕೈಗಾಡಿ ತಳ್ಳಿಕೊಂಡು ಒಬ್ಬ “ಭಂಗಾರ್, ಭಂಗಾರ್” ಎಂದು ಕೂಗುವುದನ್ನು ಕೇಳಿ, ಈ ಊರಲ್ಲಿ ಬಂಗಾರವನ್ನೂ ಬಸಳೆಸೊಪ್ಪಿನ ಹಾಗೆ ಬೀದಿಯಲ್ಲಿ ಮಾರುತ್ತಾರಲ್ಲ ಎಂದುಕೊಂಡಿದ್ದೆ. 2025ರಲ್ಲಿ ನಮ್ಮ ಹಳೆ ಕಾರನ್ನೇ ಭಂಗಾರಕ್ಕೆ ಹಾಕಿದೆ. ಹೇಗೆ ಹಾಕಿದೆ, ಎಲ್ಲಿ ಸಿಕ್ಕಿಬಿದ್ದೆ, ಎಷ್ಟು ಸಿಕ್ಕಿತು, ಎಲ್ಲ ಬರೆಯುತ್ತೇನೆ.

ನಾನು ಮುಲುಂಡಿನ ಮನೆಯಲ್ಲೇ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುವವಳು. ಠಾಣೆಯಿಂದ ಮಾಟುಂಗಾದವರೆಗೆ ಡೆಲಿವರಿ ನಡೆಯುತ್ತಿದ್ದದ್ದು ಒಂದು ಪುಟ್ಟ ಪೆಟ್ರೋಲ್ ಕಾರಿನಲ್ಲಿ. 2010ರ ಡಿಸೆಂಬರ್‌ನಲ್ಲಿ ನೋಂದಣಿಯಾದದ್ದು. ಹೊಸದರಲ್ಲಿ ಲೀಟರಿಗೆ 17 ಕಿಲೋಮೀಟರ್ ಕೊಡುತ್ತಿತ್ತು. ಕೊನೆಕೊನೆಗೆ 11ಕ್ಕೆ ಬಂತು, ಅದೂ ಎಸಿ ಹಾಕದಿದ್ದರೆ. ತಿಂಗಳಿಗೆ 600 ಕಿಲೋಮೀಟರ್ ಓಡಾಟ, ಪೆಟ್ರೋಲ್ 103 ರೂಪಾಯಿ ಚಿಲ್ಲರೆ. ಹೆಚ್ಚುಕಮ್ಮಿ 5,600 ರೂಪಾಯಿ ಟ್ಯಾಂಕಿಗೇ ಹೋಗುತ್ತಿತ್ತು. ಲೀಟರಿಗೆ 20 ಕೊಡುವ ಕಾರಾದರೆ 3,100ರಲ್ಲಿ ಮುಗಿಯುತ್ತದೆ. ಹಪ್ಪಳದಲ್ಲಿ ತಿಂಗಳಿಗೆ 2,500 ಉಳಿಸಬೇಕಾದರೆ ಎಷ್ಟು ಲಟ್ಟಿಸಬೇಕು ಅಂತ ನನ್ನ ತೋಳಿಗೆ ಗೊತ್ತು.

ಆದರೆ ಒಂದು ವಿಷಯ ಮೊದಲೇ ಹೇಳುತ್ತೇನೆ. ನಿಮ್ಮ ಕಾರು ಎಷ್ಟು ಪೆಟ್ರೋಲ್ ಕುಡಿಯುತ್ತದೆ ಎಂದು ನಮ್ಮ ಸರ್ಕಾರ ಕೇಳುವುದಿಲ್ಲ. ಅಮೆರಿಕದಲ್ಲಿ 2009ರಲ್ಲಿ ಇಂಥದ್ದೊಂದು ಯೋಜನೆ ಬಂದಾಗ ಮೈಲೇಜೇ ಮುಖ್ಯವಾಗಿತ್ತು. ಗ್ಯಾಲನ್ನಿಗೆ 18 ಮೈಲಿ, ಅಂದರೆ ಲೀಟರಿಗೆ ಸುಮಾರು ಏಳೂವರೆ ಕಿಲೋಮೀಟರ್ ಅಥವಾ ಅದಕ್ಕಿಂತ ಕಡಿಮೆ ಕೊಡುವ ಕಾರು ತಂದರೆ ಹೊಸದಕ್ಕೆ 3,500 ಅಥವಾ 4,500 ಡಾಲರ್ ಕಳೆಯುತ್ತಿದ್ದರು. ಹಳೆ ಎಂಜಿನ್ ಮತ್ತೆ ಬಳಕೆಗೆ ಬಾರದ ಹಾಗೆ ಅದರೊಳಗೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಓಡಿಸಿ ಕೊಲ್ಲುತ್ತಿದ್ದರು. ನಮ್ಮಲ್ಲಿ ಹಾಗಿಲ್ಲ. 2021ರ ಆಗಸ್ಟ್‌ನಲ್ಲಿ ಶುರುವಾದ ಕೇಂದ್ರದ ಗುಜರಿ ನೀತಿ ನೋಡುವುದು ಕಾರಿನ ವಯಸ್ಸು, ಫಿಟ್‌ನೆಸ್ ಮತ್ತು ಕಾಗದ. ಸರ್ಕಾರ ನಿಮ್ಮ ಕೈಗೆ ನಗದು ಕೊಡುವುದೂ ಇಲ್ಲ. ಹೊಸ ಕಾರು ಕೊಳ್ಳುವಾಗ ತೆರಿಗೆಯಲ್ಲಿ ಬಿಡುತ್ತದೆ, ಅಷ್ಟೇ.

ಇನ್ನೊಂದು ಗೊಂದಲ. ಡೆಲ್ಲಿಯ ಸುದ್ದಿ ನೋಡಿ ಇಲ್ಲಿಯೂ 15 ವರ್ಷದ ಪೆಟ್ರೋಲ್ ಕಾರು, 10 ವರ್ಷದ ಡೀಸೆಲ್ ಕಾರು ಹಿಡಿಯುತ್ತಾರೆ ಎಂದು ಹೆದರುವವರಿದ್ದಾರೆ. ಅದು ಆ ಕಡೆಯ ಕೋರ್ಟ್ ಆದೇಶಗಳ ಕಥೆ. ಮುಂಬೈಯಲ್ಲಿ 15 ತುಂಬಿದ ಕಾರನ್ನೂ ಮರುನೋಂದಣಿ ಮಾಡಿಸಿ ಓಡಿಸಬಹುದು, ಖರ್ಚು ತಡೆದುಕೊಂಡರೆ. ಮೊದಲು 600 ರೂಪಾಯಿ ಇದ್ದ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಪೆಟ್ರೋಲ್ ಕಾರಿಗೆ 2025ರಲ್ಲಿ 3,000 ಹಸಿರು ತೆರಿಗೆ ಇತ್ತು. ಫಿಟ್‌ನೆಸ್‌ಗೆ ಕಾರು ತೋರಿಸಬೇಕು, ತೋರಿಸುವ ಮೊದಲು ಗ್ಯಾರೇಜಿಗೆ ಬಿಡಬೇಕು. ನನ್ನ ಮೆಕ್ಯಾನಿಕ್ ಕಾರಿನ ಕೆಳಗಿಂದ ಎದ್ದು ಬಂದು ಹೇಳಿದ ಅಂದಾಜು 28,000. ಇಷ್ಟೆಲ್ಲ ಮಾಡಿದರೆ ಸಿಗುವುದು ಇನ್ನು ಐದು ವರ್ಷ. ಅದಕ್ಕೇ 15 ತುಂಬುವ ಮೊದಲೇ ಬಿಡುವುದು ಎಂದು ತೀರ್ಮಾನ ಮಾಡಿದೆ. ನೀವೂ ಆರ್‌ಸಿ, ಅಂದರೆ ನೋಂದಣಿ ಪತ್ರ, ತೆಗೆದು ತಾರೀಖು ನೋಡಿ. ರಿಯಾಯಿತಿಯಲ್ಲೂ ವಯಸ್ಸಿನ ಲೆಕ್ಕ ಬರುವುದರಿಂದ, ಇನ್ನೂ ಆರು ತಿಂಗಳು ಕೈಯಲ್ಲಿರುವಾಗ ಕೆಲಸ ಶುರು ಮಾಡುವುದು ಒಳ್ಳೆಯದು.

ಡೊಂಬಿವಿಲಿಯಲ್ಲಿರುವ ನಮ್ಮ ಭಾವ ಈ ವಿಷಯದಲ್ಲಿ ಬೇರೆ ಪಂಗಡ. “ಎಂತ ಮಾರಾಯ್ತಿ, ಕುರ್ಲಾದವನಿಗೆ ಒಂದು ಫೋನ್ ಹಾಕು. ಸಂಜೆಯೊಳಗೆ ಕಾರು ತಗೊಂಡು ಹೋಗಿ ನೋಟು ಎಣಿಸಿ ಕೊಡ್ತಾನೆ. ಅದಕ್ಕೆ ಯಾಕೆ ಪೋರ್ಟಲ್ಲು, ಅರ್ಜಿ?” ಅಂದರು. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹಳೆ ಕಾರಿನ ಬಾಗಿಲು, ಬಂಪರ್, ಗೇರ್‌ಬಾಕ್ಸ್ ಎಲ್ಲ ಸಿಗುತ್ತದೆ. ನಾನೂ ಅಲ್ಲಿಂದ ಒಂದು ಸೈಡ್ ಮಿರರ್ ತಂದು ಹಾಕಿಸಿದವಳೇ. ಆದರೆ ಹಾಗೆ ನಗದಿಗೆ ಕೊಟ್ಟುಬಿಟ್ಟರೆ ಸರ್ಕಾರದ ರಿಯಾಯಿತಿ ಒಂದು ಪೈಸೆಯೂ ಸಿಗುವುದಿಲ್ಲ. ಅದು ಸಿಗುವುದು ಸರ್ಕಾರದಲ್ಲಿ ನೋಂದಣಿಯಾದ ಗುಜರಿ ಕೇಂದ್ರಕ್ಕೆ ಕೊಟ್ಟು, ಅವರಿಂದ ‘ಸರ್ಟಿಫಿಕೇಟ್ ಆಫ್ ಡಿಪಾಸಿಟ್’ ತಗೊಂಡರೆ ಮಾತ್ರ. ಎಲ್ಲರೂ ಅದನ್ನು ಸಿಡಿ ಅನ್ನುತ್ತಾರೆ. ಭಂಗಾರದಲ್ಲಿ ಬಂಗಾರ ಅಂತ ಏನಾದರೂ ಇದ್ದರೆ ಈ ಕಾಗದವೇ.

ಈಗ ಲೆಕ್ಕ. ಬೇರೇನೂ ಓದದಿದ್ದರೂ ಇದನ್ನು ಓದಿ.

ಷೋರೂಂನವರು ನನ್ನ ಕಾರನ್ನು ಎಕ್ಸ್‌ಚೇಂಜ್‌ಗೆ 35,000ಕ್ಕೆ ಕೇಳಿದರು. ಅದರ ಮೇಲೆ 10,000 ಎಕ್ಸ್‌ಚೇಂಜ್ ಬೋನಸ್. ಒಟ್ಟು 45,000. ಗುಜರಿ ಕೇಂದ್ರದವರು ಕಬ್ಬಿಣದ ತೂಕ ಹಿಡಿದು 22,000 ಅಂದರು. ಇಷ್ಟನ್ನೇ ನೋಡಿದರೆ ಗುಜರಿಗೆ ಹಾಕುವವಳು ಹುಚ್ಚಿ, ಅಲ್ವಾ? ಆದರೆ ಸಿಡಿ ಇದ್ದರೆ ಮೂರು ಕಡೆ ಹಣ ಉಳಿಯುತ್ತದೆ. ಒಂದು, ರಸ್ತೆ ತೆರಿಗೆ. ಕೇಂದ್ರದ ನಿಯಮ ಖಾಸಗಿ ವಾಹನಕ್ಕೆ 25%ವರೆಗೆ ಬಿಡಬಹುದು ಎನ್ನುತ್ತದೆ. ಎಷ್ಟು ಬಿಡುವುದು ಎನ್ನುವುದು ರಾಜ್ಯದ ಕೈಯಲ್ಲಿದೆ. ಮಹಾರಾಷ್ಟ್ರ 2025ರಲ್ಲಿ ಅದನ್ನು 15% ಮಾಡಿತು. ನನ್ನ ಹೊಸ ಕಾರಿನ ಷೋರೂಂ ಬೆಲೆ 6,40,000. ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಇಲ್ಲಿ ತೆರಿಗೆ 11%, ಅಂದರೆ 70,400. ಅದರ 15% ಎಂದರೆ 10,560. ಎರಡು, ಹೊಸ ಕಾರಿನ ನೋಂದಣಿ ಶುಲ್ಕ 600 ರೂಪಾಯಿ ಮಾಫಿ. ಮೂರು, ಕಂಪನಿಯ ರಿಯಾಯಿತಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವ ಗಡ್ಕರಿಯವರ ಜೊತೆ ಮಾತುಕತೆಯಾದ ಮೇಲೆ ಕಾರು ಕಂಪನಿಗಳು ಸಿಡಿ ತಂದವರಿಗೆ ಬೆಲೆಯ 1.5% ಅಥವಾ 20,000, ಯಾವುದು ಕಡಿಮೆಯೋ ಅಷ್ಟು ಬಿಡಲು ಒಪ್ಪಿದವು. ಅದು ಒಂದು ವರ್ಷದ ಮಾತಾಗಿತ್ತು. ಈಗ ತಿಂಗಳ ಆಫರ್ ಪಟ್ಟಿಯಲ್ಲಿ ‘ಸ್ಕ್ರ್ಯಾಪೇಜ್ ಬೋನಸ್’ ಎಂದು ಬರುತ್ತದೆ. ನನಗೆ ಸಿಕ್ಕಿದ್ದು 10,000. ಇದು ಮತ್ತು ಎಕ್ಸ್‌ಚೇಂಜ್ ಬೋನಸ್ ಎರಡೂ ಒಟ್ಟಿಗೆ ಸಿಗುವುದಿಲ್ಲ, ಆಸೆ ಬೇಡ.

ಕೂಡಿಸಿ. 22,000 ಮತ್ತು 10,560 ಮತ್ತು 600 ಮತ್ತು 10,000. ಒಟ್ಟು 43,160. ಎಕ್ಸ್‌ಚೇಂಜ್‌ಗಿಂತ 1,840 ಕಡಿಮೆಯೇ!

ಆದರೂ ನಾನು ಗುಜರಿಗೇ ಹಾಕಿದೆ. ಕಾರಣ ಒಂದು ಸ್ಕೂಟರ್. ಹಿಂದೊಮ್ಮೆ ಹಳೆ ಸ್ಕೂಟರನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದೆವು. ತಗೊಂಡವರು ಹೆಸರು ಬದಲಾಯಿಸದೆ ಯಾರಿಗೋ ಮಾರಿದರು. ಆ ಯಾರೋ ಹೆಲ್ಮೆಟ್ ಇಲ್ಲದೆ, ಸಿಗ್ನಲ್ ಹಾರಿಸಿ ಊರೆಲ್ಲ ಸುತ್ತಿದ. ಇ-ಚಲನ್ ಮಾತ್ರ ನನ್ನ ಫೋನಿಗೆ ಬರುತ್ತಿತ್ತು. ಎರಡು ವರ್ಷ ಬಂತು. ಫೋಟೋದಲ್ಲಿ ಅವನು ನಗುತ್ತಿದ್ದ ಕೂಡ. ಗುಜರಿ ಕೇಂದ್ರದಲ್ಲಿ ಕಾರು ಸತ್ತರೆ ಆರ್‌ಟಿಒ ದಾಖಲೆಯಲ್ಲೂ ಸತ್ತ ಹಾಗೆ. 1,840 ರೂಪಾಯಿಗೆ ಆ ನೆಮ್ಮದಿ ದುಬಾರಿ ಅನ್ನಿಸಲಿಲ್ಲ. ಆದರೆ ನಿಮ್ಮ ಕಾರಿಗೆ ಎಂಬತ್ತು ಸಾವಿರ, ಲಕ್ಷ ಕೊಡುವವರು ಇದ್ದರೆ ಗುಜರಿಗೆ ಹಾಕಬೇಡಿ. ಮಾರಿ, ಎದುರಿಗೆ ನಿಂತು ಹೆಸರು ಬದಲಾಯಿಸಿ.

ಗುಜರಿಗೆ ಎಂದು ನಿರ್ಧರಿಸಿದರೆ, ಮೊದಲ ಕೆಲಸ ಎಂಪರಿವಾಹನ್ ಎನ್ನುವ ಸರ್ಕಾರಿ ಆ್ಯಪ್ ತೆರೆದು ನಿಮ್ಮ ಕಾರಿನ ನಂಬರ್ ಹಾಕಿ ನೋಡುವುದು. ನಾನು ಇದನ್ನು ಕೊನೆಗೆ ಮಾಡಿದೆ, ಅದಕ್ಕೇ ಸಿಕ್ಕಿಬಿದ್ದೆ. ಕಾರಿನ ಸಾಲ 2015ರಲ್ಲೇ ತೀರಿತ್ತು. ಕೊನೆಯ ಕಂತು ಕಟ್ಟಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರಲಿಲ್ಲ! ಹೀಗೆ ಬ್ಯಾಂಕಿನ ಅಡಮಾನ (ಹೈಪೊಥಿಕೇಶನ್) ದಾಖಲಾಗಿರುವ ಕಾರನ್ನು ಗುಜರಿ ಕೇಂದ್ರದವರು ಮುಟ್ಟುವುದಿಲ್ಲ. ಸಾಲ ತೀರಿದೆ, ತಕರಾರಿಲ್ಲ ಎಂದು ಬ್ಯಾಂಕ್ ಕೊಡುವ ಎನ್‌ಒಸಿ ಕಪಾಟಿನಲ್ಲಿತ್ತು, ಹತ್ತು ವರ್ಷದ ಹಿಂದಿನದು. ಅದನ್ನು ಹಿಡಿದುಕೊಂಡು ಆರ್‌ಟಿಒಗೆ ಹೋದೆ. ಅದು ನಡೆಯುವುದಿಲ್ಲ, ಹೊಸದು ತನ್ನಿ ಅಂದರು. ನಾನು ಸಾಲ ತಗೊಂಡಿದ್ದ ಶಾಖೆ ಇನ್ನೊಂದರ ಜೊತೆ ಸೇರಿಹೋಗಿತ್ತು. ಕೌಂಟರಿನ ಹುಡುಗಿ “ಆಂಟಿ, ಅಷ್ಟು ಹಳೆ ಅಕೌಂಟ್ ಸಿಸ್ಟಮ್‌ನಲ್ಲಿ ಕಾಣ್ತಿಲ್ಲ” ಅಂದಳು. ನಾಲ್ಕು ಸಲ ಹೋದೆ. ಐದನೇ ಸಲ ಒಂದು ಪೊಟ್ಟಣ ಮೆಣಸಿನ ಸಂಡಿಗೆ ಕೈಯಲ್ಲಿತ್ತು, ಡೆಲಿವರಿಗೆ ಹೊರಟಿದ್ದು. ಅದನ್ನು ನೋಡಿ ಮ್ಯಾನೇಜರ್ ಮಾತಿಗೆ ಬಂದರು, ಅವರ ಅತ್ತೆ ಮನೆ ಕುಂದಾಪುರವಂತೆ. ಕಾಗದ ಆ ವಾರ ಬಂತು. ಸಂಡಿಗೆ ಕೊಟ್ಟಿಲ್ಲ, ಅದು ಘಾಟ್ಕೋಪರಿನವರ ಆರ್ಡರ್. ಎನ್‌ಒಸಿ ಜೊತೆ, ಬ್ಯಾಂಕಿನ ಹೆಸರು ತೆಗೆಸುವ ಅರ್ಜಿಯಾದ ಫಾರ್ಮ್ 35ಕ್ಕೆ ಬ್ಯಾಂಕಿನ ಸಹಿ, ಸೀಲು ಬೇಕು. ಅವನ್ನು ಆರ್‌ಟಿಒಗೆ ಕೊಟ್ಟು ಹೆಸರು ತೆಗೆಸಬೇಕು. ಶುರುವಿನಿಂದ ಮುಗಿಯುವವರೆಗೆ 17 ದಿನ.

ಚಲನ್ ಬಾಕಿ ಇದ್ದರೆ ಕಟ್ಟಿ. ಪೊಲೀಸ್ ಕೇಸು, ಬ್ಲ್ಯಾಕ್‌ಲಿಸ್ಟ್ ಏನೂ ಇರಬಾರದು. ಆಮೇಲೆ ಪರಿವಾಹನ್ ಪೋರ್ಟಲಿನ ವಾಹನ ಗುಜರಿ ವಿಭಾಗಕ್ಕೆ ಹೋಗಿ ಅರ್ಜಿ ಹಾಕಿ. ನೋಂದಣಿಯಾದ ಕೇಂದ್ರಗಳ ಪಟ್ಟಿ ಅಲ್ಲೇ ಇದೆ. ಎರಡು ಮೂರು ಕಡೆ ಫೋನ್ ಮಾಡಿ ದರ ಕೇಳಿ. ನನಗೆ ಒಬ್ಬರು 18,500 ಅಂದಿದ್ದರು, ಇನ್ನೊಬ್ಬರು 22,000. ಎಳೆದುಕೊಂಡು ಹೋಗುವ ಖರ್ಚು ಯಾರದ್ದು ಅಂತಲೂ ಕೇಳಿ, ಇಲ್ಲವಾದರೆ ಕೊನೆಗೆ ನಿಮಗೆ ಕೊಡುವ ಹಣದಿಂದ ಕಳೆಯುತ್ತಾರೆ. ಕಾಗದ ಅಂತ ಬೇಕಾದದ್ದು ಮೂಲ ಆರ್‌ಸಿ, ಆಧಾರ್, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್. ಹಣ ಬ್ಯಾಂಕ್ ಖಾತೆಗೇ ಬರುತ್ತದೆ.

ಕಾರನ್ನು ಇಡಿಯಾಗಿ ಕೊಡಿ. ಬ್ಯಾಟರಿ ತೆಗೆದು, ಹೊಸ ಟಯರು ಬಿಚ್ಚಿ, ಹೊಗೆ ಕೊಳವೆಯಲ್ಲಿ ಸೈಲೆನ್ಸರಿಗಿಂತ ಮೊದಲು ಬರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಳಚಿ ಬೇರೆ ಮಾರುವ ಐಡಿಯಾ ಗ್ಯಾರೇಜಿನವರು ಕೊಡುತ್ತಾರೆ. ಆ ಕನ್ವರ್ಟರಿನಲ್ಲಿ ಪ್ಲಾಟಿನಂನಂಥ ಬೆಲೆಬಾಳುವ ಲೋಹ ಇರುತ್ತದೆ, ಅದಕ್ಕೇ ಅವರಿಗೆ ಅಷ್ಟು ಪ್ರೀತಿ. ಅದು ಇಲ್ಲದಿದ್ದರೆ ಕೇಂದ್ರದವರು ದರ ಇಳಿಸುತ್ತಾರೆ. ನಿಮ್ಮ ಸಾಮಾನು ಮಾತ್ರ ನೆನಪಿನಿಂದ ತೆಗೆಯಿರಿ. ನನ್ನ ಹಿಂದಿನ ಸೀಟಿನ ಅಡಿಯಲ್ಲಿ ಮೂರು ಸ್ಟೀಲ್ ಡಬ್ಬದ ಮುಚ್ಚಳ, ಒಂದು ಜಾಯಿಕಾಯಿ, 2014ರ ಪಾರ್ಕಿಂಗ್ ಚೀಟಿ ಸಿಕ್ಕಿತು.

ಅಗಸ್ಟ್ ಮೊದಲ ವಾರ, ಗಣಪತಿ ಹಬ್ಬದ ಮೊದಲು, ಟೋ ಗಾಡಿ ಬಂತು. ವಾಚ್‌ಮನ್ ಕಾಕಾ ಬಾನೆಟ್ಟಿಗೊಂದು ಕುಂಕುಮ ಇಟ್ಟರು. ಕೇಂದ್ರದಲ್ಲಿ ಆಯಿಲ್, ಕೂಲಂಟ್, ಎಸಿ ಗ್ಯಾಸ್, ಬ್ಯಾಟರಿ ಮೊದಲು ಬೇರೆ ತೆಗೆಯುತ್ತಾರೆ, ಆಮೇಲೆ ಬಾಡಿ ಬಿಚ್ಚುತ್ತಾರೆ. ಚಾಸಿ ನಂಬರ್ ಇರುವ ತುಂಡನ್ನು ಕತ್ತರಿಸಿ ಆರು ತಿಂಗಳು ಇಟ್ಟುಕೊಳ್ಳಬೇಕು ಎನ್ನುವುದು ನಿಯಮ. ಸಿಡಿ ಆನ್‌ಲೈನಿನಲ್ಲೇ ಬರುತ್ತದೆ. ಅದರಲ್ಲಿ ಹೆಸರು, ಚಾಸಿ ನಂಬರ್, ಎಂಜಿನ್ ನಂಬರ್ ಸರಿ ಇದೆಯಾ ಅಂತ ಅಲ್ಲೇ ಕೂತು ಅಕ್ಷರ ಅಕ್ಷರ ನೋಡಿ. ಕಾರು ಚೂರಾದ ಮೇಲೆ ಗುಜರಿಯಾಯಿತು ಎನ್ನುವ ಇನ್ನೊಂದು ಸರ್ಟಿಫಿಕೇಟ್ ಬರುತ್ತದೆ. ಅದನ್ನೂ ಬಿಡದೆ ತಗೊಳ್ಳಿ, ಆರ್‌ಟಿಒ ದಾಖಲೆಯಲ್ಲಿ ಕಾರು ರದ್ದಾಯಿತಾ ಎಂದು ಆ್ಯಪಿನಲ್ಲಿ ನೋಡಿ.

ಸಿಡಿ ಕೈಯಲ್ಲಿದ್ದರೆ ಮಾರನೆಯ ದಿನವೇ ಷೋರೂಂಗೆ ಓಡಬೇಕಿಲ್ಲ. ಎರಡು ವರ್ಷದೊಳಗೆ ಅದೇ ಬಗೆಯ ವಾಹನ ಕೊಂಡರಾಯಿತು, ಕಾರಿಗೆ ಕಾರು. ನನಗೆ ಕಾಯುವಿಕೆ ಲಾಭವೇ ಆಯಿತು. ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಜಾಣತನ ಏನೂ ಅಲ್ಲ, ದಸರಾಕ್ಕೆ ಹೊಸ ಕಾರು ಅಂತ ಮೊದಲೇ ಹರಕೆ ಇತ್ತು. ಬುಕಿಂಗ್ ಮಾಡುವಾಗಲೇ ಸಿಡಿ ಇದೆ ಎಂದು ಹೇಳಿ, ಕೊಟೇಶನ್ನಿನಲ್ಲಿ ತೆರಿಗೆ ರಿಯಾಯಿತಿಯನ್ನು ಬೇರೆ ಸಾಲಾಗಿ ಬರೆಸಿಕೊಳ್ಳಿ. ನನಗೆ ಮೊದಲು ಕೊಟ್ಟ ಕೊಟೇಶನ್ನಿನಲ್ಲಿ ಪೂರಾ 70,400 ಹಾಕಿದ್ದರು. “ಆಮೇಲೆ ನೋಡೋಣ ಮೇಡಂ” ಅಂದ ಸೇಲ್ಸ್ ಹುಡುಗನಿಗೆ ಸಿಡಿ ಅಂದರೆ ಹಾಡಿನ ಸಿಡಿ ಮಾತ್ರ ಗೊತ್ತಿತ್ತು ಅಂತ ಕಾಣುತ್ತದೆ. ತೆರಿಗೆ ಕಟ್ಟಿ ನೋಂದಣಿ ಆದ ಮೇಲೆ ವಾಪಸು ಕೇಳುತ್ತಾ ಅಲೆಯುವುದು ಬೇಡ. ಸಿಡಿ ನನ್ನ ಹೆಸರಲ್ಲಿ, ಹೊಸ ಕಾರೂ ನನ್ನ ಹೆಸರಲ್ಲೇ ಇದ್ದದ್ದರಿಂದ ಮತ್ತೆ ತಕರಾರು ಬರಲಿಲ್ಲ.

ಎರಡು ಚಿಲ್ಲರೆ ಕೆಲಸ ಉಳಿಯುತ್ತದೆ. ಹಳೆ ಕಾರಿನ ವಿಮೆಯಲ್ಲಿ ಕ್ಲೇಮ್ ಮಾಡದೆ ಕೂಡಿಸಿಕೊಂಡ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು 50%ವರೆಗೆ ಇರುತ್ತದೆ. ವಿಮೆ ಕಂಪನಿಯಿಂದ ಪತ್ರ ತಗೊಂಡು ಹೊಸ ಪಾಲಿಸಿಗೆ ಹಾಕಿಸಿ. ಸ್ವಂತ ಹಾನಿಯ ಪ್ರೀಮಿಯಂ ಎಷ್ಟು ಇಳಿಯುತ್ತದೆ ಎಂದರೆ, ಸರ್ಕಾರದ ರಿಯಾಯಿತಿಗಿಂತ ಇದೇ ಸಿಹಿ ಅನ್ನಿಸುತ್ತದೆ. ಆಮೇಲೆ ಹಳೆ ಫಾಸ್ಟ್ಯಾಗ್ ಮುಚ್ಚಿಸಿ ಬಾಕಿ ಹಣ ವಾಪಸು ತಗೊಳ್ಳಿ.

ಹೊಸ ಕಾರಿನಲ್ಲಿ ಡೊಂಬಿವಿಲಿಗೆ ಹೋದ ದಿನ ಭಾವ ಸುಮ್ನೆ ಎಂಬಂತೆ ಅವರ 2011ರ ಕಾರಿನ ನಂಬರನ್ನು ಆ್ಯಪಿನಲ್ಲಿ ಹಾಕಿಸಿದರು. ಸಾಲ ತೀರಿ ಎಂಟು ವರ್ಷವಾಗಿದೆ. ಬ್ಯಾಂಕಿನ ಹೆಸರು ಹಾಗೇ ಕೂತಿತ್ತು.

“ಆ ಮ್ಯಾನೇಜರ್‌ದು ಕುಂದಾಪುರ ಅಂದ್ಯಲ್ಲ, ಯಾವ ಬ್ರಾಂಚು?” ಅಂದರು.