ಗಂಡನ ಹಿಂಸೆಗೆ ಕೆಲಸ ಬಿಟ್ಟರೆ ಕಳೆದುಕೊಂಡ ಸಂಬಳ ಕೇಳುವುದು ಹೇಗೆ

ಗಂಡನ ಕಾಟ ತಾಳದೆ ನರಸಾಪುರದ ಫ್ಯಾಕ್ಟರಿ ಕೆಲಸ ಬಿಟ್ಟು ಮಾಲೂರಿನ ತವರಿಗೆ ಬಂದಿದ್ದೀರಾ? ಇದಕ್ಕೆಂದೇ ನಿರುದ್ಯೋಗ ಭತ್ಯೆ ನಮ್ಮಲ್ಲಿಲ್ಲ. ಆದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 20ನೇ ಕಲಮಿನಡಿ ಕಳೆದುಕೊಂಡ ಸಂಬಳವನ್ನು ಗಂಡನಿಂದಲೇ ಕೇಳಬಹುದು. ಅರ್ಜಿಯನ್ನು ಈಗಿರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಹಾಕಬಹುದು. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯಡಿ ನೊಂದ ಹೆಂಗಸರಿಗೆ ನೆರವಾಗುವ ಸಂರಕ್ಷಣಾಧಿಕಾರಿ, ಮೊದಲು ಅವರನ್ನು ಕಾಣಿ. ವಕೀಲರು ಬೇಕಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಆದಾಯ ನೋಡದೆ ಉಚಿತ.

ಎಡವುವುದು ಹೆಚ್ಚಾಗಿ ಲೆಕ್ಕದಲ್ಲೇ. "ಸಂಬಳ ಹೋಯಿತು" ಎಂದರೆ ಸಾಲದು. ತಿಂಗಳಿಗೆ 13,000, ಮೂರು ತಿಂಗಳಿಗೆ 39,000 ಎಂದು ಬಿಡಿಸಿ ಬರೆಯಿರಿ; ಸ್ಯಾಲರಿ ಸ್ಲಿಪ್, ಪಾಸ್‌ಬುಕ್ ಪುಟ, ಆಸ್ಪತ್ರೆ ಚೀಟಿ ಲಗತ್ತಿಸಿ. ರಾಜೀನಾಮೆಯಲ್ಲಿ "ವೈಯಕ್ತಿಕ ಕಾರಣ" ಎಂದು ಗೀಚಿಬಿಟ್ಟರೆ ಎದುರು ವಕೀಲರಿಗೆ ಅದೇ ಅಸ್ತ್ರ. ತೀರ್ಪು ಬರುವವರೆಗೆ ಕಾಯಬೇಕಿಲ್ಲ; ಇದೇ ಕಾಯ್ದೆಯ 23ನೇ ಕಲಮಿನಡಿ ಮಧ್ಯಂತರ ಹಣ ಕೇಳಿ. ಆದೇಶವಾದರೂ ಗಂಡ ಕೊಡದಿದ್ದರೆ, ಅವನ ಸಂಬಳದಿಂದಲೇ ನಿಮಗೆ ನೇರವಾಗಿ ಕೊಡುವಂತೆ ಕೋರ್ಟು ಅವನ ಮಾಲೀಕರಿಗೆ ಹೇಳಬಹುದು.